ಹಳೇ ಫೈಬರ್‌ಗ್ಲಾಸ್ ಬೋಟಿನ ಹಿಂಬದಿ ಮೆತ್ತಗಾಗಿದೆ: ತೂತು ಕೊರೆದು ಎಪಾಕ್ಸಿ ಸುರಿದರೆ ಸಾಕಾ?

ನೀಲಿತೆರೆ:

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರ ಹದಿನಾಲ್ಕು ಅಡಿಯ ಮೋಟಾರ್ ಬೋಟು ಈಗ ನಮ್ಮ ಮನೆಯ ಶೆಡ್ಡಿಗೆ ಬಂದಿದೆ. 1960ರ ಸುಮಾರಿನದು. ಹಿಂದಿನ ಎರಡೂ ಮೂಲೆಯಲ್ಲಿ ಮೀನಿನ ರೆಕ್ಕೆ ಥರ ಎದ್ದು ನಿಂತಿದೆ. ಆ ಕಾಲದ ಕಾರುಗಳಲ್ಲಿ ಇರುತ್ತಿತ್ತಲ್ಲ, ಹಾಗೆ. ಆ ರೆಕ್ಕೆ ನೋಡಿಯೇ ಇದನ್ನು ಬಿಡಬಾರದು ಅನ್ನಿಸಿತು. ಹನ್ನೆರಡು ವರ್ಷ ಟಾರ್ಪಾಲಿನ ಕೆಳಗೆ ಸುಮ್ನೆ ನಿಂತಿತ್ತು.

ಮೈ ಮೇಲೆ ಕೈ ಸವರಿದರೆ ಬಿಳಿ ಪುಡಿ ಹತ್ತುತ್ತದೆ. ಅದರ ಬಗ್ಗೆ ನನಗೆ ಚಿಂತೆಯಿಲ್ಲ. ಚಿಂತೆ ಇರುವುದು ಟ್ರಾನ್ಸಂ, ಅಂದರೆ ಮೋಟಾರ್ ಕೂರುವ ಹಿಂಬದಿ ಗೋಡೆಯ ಬಗ್ಗೆ. ಮೋಟಾರಿನ ಕೆಳಭಾಗ ಹಿಡಿದು ಮೇಲೆ ಕೆಳಗೆ ಆಡಿಸಿದರೆ, ಆ ಗೋಡೆಯೇ ಬಾಗುತ್ತದೆ. ಡ್ರೈವರ್ ಸೀಟಿನ ಹತ್ತಿರ ನೆಲವೂ ಕಾಲಿಟ್ಟರೆ ಕುಸಿಯುತ್ತದೆ. ಗೆಳೆಯರೊಬ್ಬರು, ಟ್ರಾನ್ಸಂಗೆ ಸಾಲಾಗಿ ತೂತು ಕೊರೆದು ತೆಳು ಎಪಾಕ್ಸಿ (ಹಾರ್ಡನರ್ ಬೆರೆಸಿದರೆ ಗಟ್ಟಿಯಾಗುವ ಅಂಟು) ಸುರಿದರೆ ಮರ ಅದನ್ನು ಹೀರಿಕೊಂಡು ಗಟ್ಟಿಯಾಗುತ್ತದೆ ಎಂದರು. ಮರಗೆಲಸ ನನಗೆ ಗೊತ್ತು. ಫೈಬರ್ ಕೆಲಸ ಒಂದು ದಿನವೂ ಮಾಡಿಲ್ಲ. ಎಲ್ಲಿಂದ ಶುರು ಮಾಡಲಿ?

ಹಳೇಚಿಪ್ಪು:

ನೀಲಿತೆರೆ ಅವರೇ, ದಯವಿಟ್ಟು ಆ ತೆಳು ಎಪಾಕ್ಸಿಗೆ ದುಡ್ಡು ಹಾಕಬೇಡಿ. ನಾನು ಹಾಕಿದ್ದೆ. ಮೂವತ್ತು ತೂತು ಕೊರೆದು ಎರಡು ಲೀಟರ್ ಸುರಿದೆ. ಆಮೇಲೆ ಟ್ರಾನ್ಸಂ ಬಿಚ್ಚಿದಾಗ ಕಂಡದ್ದು ಏನು ಗೊತ್ತಾ? ಪ್ರತಿ ತೂತಿನಲ್ಲೂ ಪೆನ್ಸಿಲ್ ಥರ ಒಂದು ಎಪಾಕ್ಸಿ ಕಡ್ಡಿ. ಅದರ ಸುತ್ತ ಮೊದಲಿನ ಹಾಗೇ ಒದ್ದೆ ಮರ. ನೀರು ಕುಡಿದು ತುಂಬಿದ ಮರದೊಳಗೆ ಎಪಾಕ್ಸಿಗೆ ಹೋಗಲು ಜಾಗವೇ ಇರುವುದಿಲ್ಲ.

ಫೈಬರ್‌ಗ್ಲಾಸ್ ಕೊಳೆಯುವ ವಸ್ತು ಅಲ್ಲ. ಅದರ ಹೊಟ್ಟೆಯೊಳಗೆ ಮುಚ್ಚಿಟ್ಟ ಮರ ಕೊಳೆಯುತ್ತದೆ. ಅಮೆರಿಕದ ರೇ ಗ್ರೀನ್ ಪಾಲಿಯೆಸ್ಟರ್ ರೆಸಿನ್‌ನಲ್ಲಿ (ಗ್ಲಾಸ್ ಎಳೆಗಳನ್ನು ಹಿಡಿದು ಗಟ್ಟಿಯಾಗುವ ದ್ರವ) ಫೈಬರ್‌ಗ್ಲಾಸ್ ದೋಣಿ ಮಾಡಿದ್ದು 1942ರಲ್ಲಿ. ನಿಮ್ಮ ಬೋಟು ಹುಟ್ಟುವ ಹೊತ್ತಿಗೆ ಈ ಕಸುಬಿಗೆ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಹೊಸ ವಸ್ತು ಎಷ್ಟು ತಡೆಯುತ್ತದೋ ಎಂಬ ಅನುಮಾನಕ್ಕೆ ಎಷ್ಟೋ ಜನ ಗ್ಲಾಸನ್ನು ದಪ್ಪವಾಗಿಯೇ ಹಾಕುತ್ತಿದ್ದರು. ಹಾಗಾಗಿ ಹೊರಗಿನ ಚಿಪ್ಪು ಚೆನ್ನಾಗಿರುವ ಸಾಧ್ಯತೆ ಜಾಸ್ತಿ. ಆದರೆ ಟ್ರಾನ್ಸಂ ಎಂದರೆ ಎರಡು ಫೈಬರ್ ಪದರದ ನಡುವೆ ಪ್ಲೈವುಡ್. ನೆಲದ ಕೆಳಗೆ ಉದ್ದಕ್ಕೆ ಹೋಗುವ ಸ್ಟ್ರಿಂಗರುಗಳೂ ಮರದವೇ. ಮೋಟಾರಿನ ಬೋಲ್ಟು, ಡ್ರೈನ್ ಪೈಪು, ಯಾರೋ ಯಾವತ್ತೋ ಹಾಕಿ ಕಿತ್ತ ಸ್ಕ್ರೂ, ಎಲ್ಲಾ ನೀರಿಗೆ ಬಾಗಿಲು. ಸೀಲಂಟ್ ಒಣಗಿದರೆ ಮುಗಿಯಿತು.

ಮೊದಲು ಮರ ಎಲ್ಲಿಯವರೆಗೆ ಲಡ್ಡು ಹಿಡಿದಿದೆ, ಅಂದರೆ ಕೊಳೆತಿದೆ ಎಂದು ನೋಡಿ. ಸುತ್ತಿಗೆಯ ಹಿಡಿಯಿಂದ ಟ್ರಾನ್ಸಂ ಪೂರ್ತಿ ತಟ್ಟುತ್ತಾ ಬನ್ನಿ. ಒಳ್ಳೇ ಜಾಗ ಟಕ್ ಎನ್ನುತ್ತದೆ, ಕೆಟ್ಟ ಜಾಗ ದಪ್ ಎನ್ನುತ್ತದೆ. ಆಮೇಲೆ ಒಳಗಡೆಯಿಂದ ಐದು ಮಿಲಿಮೀಟರ್ ಡ್ರಿಲ್ ಬಿಟ್ಟಿನಲ್ಲಿ ಕೊರೆಯಿರಿ. ಬಿಟ್ಟಿಗೆ ಟೇಪ್ ಸುತ್ತಿ ಆಳ ಗುರುತು ಮಾಡಿಕೊಳ್ಳಿ, ಹೊರಗಿನ ಪದರ ದಾಟಬಾರದು. ನನ್ನ ಬೋಟಿನಲ್ಲಿ ಮೇಲಿನ ಎರಡು ತೂತಿನಿಂದ ತಿಳಿ ಹಳದಿ ಸಿಪ್ಪೆ ಸುರುಳಿ ಸುರುಳಿಯಾಗಿ ಬಂತು. ಮೂರನೆಯದು ಡ್ರೈನ್ ಪೈಪಿನಿಂದ ನಾಲ್ಕು ಬೆರಳು ಮೇಲೆ. ಒಳಗಿನ ಫೈಬರ್ ದಾಟಿದ್ದೇ ತಡ, ಡ್ರಿಲ್ ತಾನಾಗಿ ಒಳಗೆ ಜಾರಿತು. ಬಿಟ್ ಎಳೆದರೆ ಅದರ ಹಿಂದೆಯೇ ಕಂದು ನೀರು ಗೆರೆಯಾಗಿ ಇಳಿಯಿತು. ಹಳೇ ಬಾವಿಯ ವಾಸನೆ. ಕೆಳಗೆ ಡಬ್ಬಿ ಇಟ್ಟು ಮಲಗಿದೆ. ಬೆಳಿಗ್ಗೆ ಅರ್ಧ ಲೋಟ ನೀರು ತುಂಬಿತ್ತು, ಇನ್ನೂ ತೊಟ್ಟಿಕ್ಕುತ್ತಿತ್ತು. ಶೆಡ್ಡಿನಲ್ಲಿ ಎರಡು ವರ್ಷ ಒಣಗಿದ ಬೋಟು ಅದು!

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ನೆಲ ಕೊಯ್ಯುವ ಮೊದಲು ಬೋಟಿಗೆ ಸರಿಯಾದ ಆಸರೆ ಕೊಡಿ. ನೆಲ, ಸ್ಟ್ರಿಂಗರ್ ಎರಡೂ ಹೋದ ಮೇಲೆ ಉಳಿಯುವುದು ಬರೀ ಚಿಪ್ಪು. ಅದು ಯಾವುದರ ಮೇಲೆ ಕೂತಿದೆಯೋ ಆ ಆಕಾರಕ್ಕೆ ಬಂದುಬಿಡುತ್ತದೆ. ನಾನು ಟ್ರೇಲರಿನ ನಾಲ್ಕು ರೋಲರ್ ಮೇಲೆಯೇ ಬಿಟ್ಟು ಎರಡೂ ಸ್ಟ್ರಿಂಗರ್ ಒಟ್ಟಿಗೆ ಕಿತ್ತೆ. ತಿಂಗಳ ಮೇಲೆ ತಳದ ಉದ್ದಕ್ಕೂ ದಾರ ಎಳೆದು ನೋಡಿದರೆ, ಹಿಂದಿನ ರೋಲರ್ ಇದ್ದ ಕಡೆ ಒಂಬತ್ತು ಮಿಲಿಮೀಟರ್ ಒಳಗೆ ತಗ್ಗಿತ್ತು. ತಳದ ಹಿಂಭಾಗದಲ್ಲಿ ಹೀಗೆ ತಗ್ಗು ಬಿದ್ದರೆ ವೇಗ ಹಿಡಿದಾಗ ನೀರು ಹಿಂಬದಿಯನ್ನು ಎತ್ತಿ ಮೂತಿಯನ್ನು ಕೆಳಗೆ ಒತ್ತುತ್ತದೆ. ಹಾಗೇ ಬಿಟ್ಟು ಹೊಸ ಸ್ಟ್ರಿಂಗರ್ ಕೂರಿಸಿದ್ದರೆ ಆ ತಪ್ಪು ಶಾಶ್ವತವಾಗುತ್ತಿತ್ತು. ರೋಲರ್ ತೆಗೆದು, ಒಳಗಿಂದ ಮರದ ಗೂಟ ಕೊಟ್ಟು, ದಿನಕ್ಕೆ ಸ್ವಲ್ಪ ಸ್ವಲ್ಪ ಒತ್ತಿ ಸರಿ ಮಾಡಲು ಮೂರು ವಾರ ಹಿಡಿಯಿತು.

ನಿಮಗೆ ಮರಗೆಲಸ ಗೊತ್ತಲ್ಲ, ಇದು ಸುಲಭ. ತಳದ ಆಕಾರಕ್ಕೆ ಸರಿಯಾಗಿ ಪ್ಲೈವುಡ್ ಕೊಯ್ದು ನಾಲ್ಕು ಕಡೆ ತೊಟ್ಟಿಲಿನ ಹಾಗೆ ಕೂರಿಸಿ, ಮೇಲೆ ಹಳೇ ಕಾರ್ಪೆಟ್ ಹಾಕಿ. ಮೇಲ್ಭಾಗದಲ್ಲಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಮೂರು ಪಟ್ಟಿ ಬಿಗಿಯಿರಿ, ಇಲ್ಲದಿದ್ದರೆ ಬದಿಗಳು ಅಗಲವಾಗುತ್ತವೆ. ಒಂದು ಸ್ಟ್ರಿಂಗರ್ ತೆಗೆದು, ಹೊಸದು ಕೂರಿಸಿ, ಆಮೇಲೆ ಇನ್ನೊಂದು.

ನೆಲದ ಕೆಳಗೆ ಫೋಮ್ ಇದ್ದರೆ ಒಂದು ತುಂಡು ಕಿತ್ತು ಹಿಂಡಿ ನೋಡಿ. ಒಂದು ಘನ ಅಡಿ ನೀರು ಅಂದರೆ 28 ಕೆಜಿ. ತೇಲಿಸಲು ಹಾಕಿದ ಫೋಮೇ ವರ್ಷಾನುಗಟ್ಟಲೆ ನೀರು ಕುಡಿದು ಬೋಟನ್ನು ಮುಳುಗಿಸುವ ಭಾರ ಆಗಿರುತ್ತದೆ.

ರೆಸಿನ್‌ಅಕ್ಕ:

ಹಳೇಚಿಪ್ಪು ಅವರು ಆಸರೆ ಬಗ್ಗೆ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಫೈಬರ್ ಕೆಲಸದ ಶೆಡ್ಡಿನಲ್ಲಿ ಹನ್ನೊಂದು ವರ್ಷ ಇದ್ದವಳು, ಹಾಗಾಗಿ ರೆಸಿನ್ ಮಾತು ನಾನು ಹೇಳುತ್ತೇನೆ.

ಬೋಟು ಕಟ್ಟಿದ್ದು ಪಾಲಿಯೆಸ್ಟರ್‌ನಲ್ಲಿ, ಆದರೆ ರಿಪೇರಿಗೆ ಎಪಾಕ್ಸಿ ತಗೊಳ್ಳಿ. ಹಳೇ ಗಟ್ಟಿಯಾದ ಫೈಬರಿಗೂ ಮರಕ್ಕೂ ಎಪಾಕ್ಸಿ ಕಚ್ಚಿಕೊಳ್ಳುವಷ್ಟು ಪಾಲಿಯೆಸ್ಟರ್ ಕಚ್ಚುವುದಿಲ್ಲ. ಆದರೆ ಎಪಾಕ್ಸಿ ಜೊತೆ ಮಾಮೂಲಿ ಚಾಪ್ಡ್ ಮ್ಯಾಟ್ (ತುಂಡು ಗ್ಲಾಸ್ ಎಳೆಗಳ ಹಾಸು) ಬಳಸಬೇಡಿ. ಆ ಮ್ಯಾಟಿನ ಎಳೆಗಳನ್ನು ಹಿಡಿದಿರುವ ಅಂಟು ಪಾಲಿಯೆಸ್ಟರ್‌ನಲ್ಲಿರುವ ಸ್ಟೈರೀನ್ ಎಂಬ ದ್ರಾವಕಕ್ಕೆ ಕರಗುತ್ತದೆ, ಎಪಾಕ್ಸಿಗೆ ಕರಗುವುದಿಲ್ಲ. ಮ್ಯಾಟ್ ಬಿರುಸಾಗಿಯೇ ನಿಂತು ಗಾಳಿ ಸೇರಿಕೊಳ್ಳುತ್ತದೆ. ಹೊಲಿದ ಬೈಆಕ್ಸಿಯಲ್ ಬಟ್ಟೆ (ಎರಡು ದಿಕ್ಕಿಗೆ ಎಳೆ ಇರುವ ಗ್ಲಾಸ್ ಬಟ್ಟೆ) ತಗೊಳ್ಳಿ.

ಪಾಲಿಯೆಸ್ಟರಿಗೆ ಹಾರ್ಡನರ್ ಒಂದರಿಂದ ಎರಡು ಪರ್ಸೆಂಟ್ ಒಳಗೆ ಹೆಚ್ಚು ಕಡಿಮೆ ಮಾಡಬಹುದು. ಎಪಾಕ್ಸಿಗೆ ಹಾಗಿಲ್ಲ, ಡಬ್ಬಿಯ ಮೇಲೆ ಇರುವ ಅಳತೆಯೇ ಕೊನೆ. ಬೇಗ ಗಟ್ಟಿಯಾಗಲಿ ಎಂದು ಹಾರ್ಡನರ್ ಜಾಸ್ತಿ ಹಾಕಿದರೆ ಅದು ಸರಿಯಾಗಿ ಗಟ್ಟಿಯಾಗುವುದೇ ಇಲ್ಲ. ಸ್ವಲ್ಪ ಸ್ವಲ್ಪವೇ ಕಲಸಿ, ಕೂಡಲೇ ಅಗಲವಾದ ತಟ್ಟೆಗೆ ಸುರಿದುಕೊಳ್ಳಿ. ಡಬ್ಬಿಯಲ್ಲೇ ಬಿಟ್ಟರೆ ಬಿಸಿ ಕಟ್ಟಿಕೊಂಡು ಹೊಗೆ ಬರುತ್ತದೆ.

ಗಟ್ಟಿಯಾದ ಮೇಲೆ ಎಪಾಕ್ಸಿ ಮೇಲೆ ಕೆಲವು ಸಲ ಮೇಣದಂಥ ಜಿಡ್ಡು ಬರುತ್ತದೆ. ಬರೀ ನೀರಿನಲ್ಲಿ ಸ್ಕ್ರಬ್ ಹಾಕಿ ತೊಳೆದು, ಒರೆಸಿ, ಆಮೇಲೆ 80 ನಂಬರ್ ಸ್ಯಾಂಡ್‌ಪೇಪರ್ ಉಜ್ಜಿ. ತೊಳೆಯದೆ ಉಜ್ಜಿದರೆ ಜಿಡ್ಡು ಒಳಗೇ ಇಳಿಯುತ್ತದೆ.

ಇನ್ನೊಂದು ಮಾತು, ಇದನ್ನು ಹಗುರ ಮಾಡಿಕೊಳ್ಳಬೇಡಿ. ಗ್ರೈಂಡರ್ ಹಿಡಿಯುವಾಗ ಬಟ್ಟೆಯ ಮಾಸ್ಕ್ ಸಾಲದು, ಧೂಳು ತಡೆಯುವ ಕಾರ್ಟ್ರಿಜ್ ಇರುವ ರೆಸ್ಪಿರೇಟರ್ ಬೇಕು. ಪಾಲಿಯೆಸ್ಟರ್ ಬಳಸಿದರೆ ಅದರ ಹಾರ್ಡನರಿನ ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿ ಹೋಗಬಹುದು. ಕನ್ನಡಕ ಹಾಕದೆ ಬಾಟಲಿ ಮುಚ್ಚಳ ತೆಗೆಯಬೇಡಿ.

ನೀಲಿತೆರೆ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಒಂಬತ್ತು ತೂತು ಕೊರೆದೆ. ಮೇಲಿನ ಸಾಲಿನ ಮೂರರಲ್ಲಿ ಎರಡು ಒಣ ಸಿಪ್ಪೆ, ಮೋಟಾರ್ ಬೋಲ್ಟಿನ ಪಕ್ಕದ್ದು ಕಪ್ಪು. ನಡುವಿನ ಸಾಲು ಪೂರ್ತಿ ಕಪ್ಪು. ಕೆಳಗಿನ ಸಾಲಿನಲ್ಲಿ ಮರ ಅನ್ನುವಂಥದ್ದೇ ಉಳಿದಿಲ್ಲ, ಬೆರಳಲ್ಲಿ ಉಂಡೆ ಕಟ್ಟಬಹುದು. ನೆಲದ ಕೆಳಗಿನ ಫೋಮ್ ಅಂಗೈ ಅಗಲದ ತುಂಡು ತೆಗೆದು ಹಿಂಡಿದೆ, ಮೊಣಕೈವರೆಗೆ ನೀರು ಇಳಿಯಿತು. ಇನ್ನು ಅನುಮಾನ ಇಲ್ಲ, ಬಿಚ್ಚುತ್ತೇನೆ.

ಎರಡು ಪ್ರಶ್ನೆ. ಟ್ರಾನ್ಸಂ ಹೊರಗಿನಿಂದ ಕೊಯ್ಯಲಾ, ಒಳಗಿನಿಂದಲಾ? ಎಡಗಡೆ ರೆಕ್ಕೆಯ ಬುಡದಲ್ಲಿ ಜೇಡರ ಬಲೆ ಥರ ಬಿರುಕು ಇದೆ, ಅದಕ್ಕೆ ಏನು ಮಾಡಲಿ?

ಹಳೇಚಿಪ್ಪು:

ಒಳಗಿನಿಂದ. ಹೊರಗಿನ ಪದರ ನಿಮ್ಮ ಬೋಟಿನ ಮುಖ, ಅದಕ್ಕೆ ಬ್ಲೇಡ್ ತಾಗಿಸಬೇಡಿ. ಒಳಗಿನ ಫೈಬರನ್ನು ಸುತ್ತಲೂ ಎರಡು ಇಂಚು ಅಂಚು ಬಿಟ್ಟು ಕೊಯ್ಯಿರಿ. ಆ ಅಂಚನ್ನು ದಪ್ಪದ ಹನ್ನೆರಡು ಪಟ್ಟು ಉದ್ದಕ್ಕೆ ಇಳಿಜಾರಾಗಿ ಉಜ್ಜಿ. ದಪ್ಪ ನಾಲ್ಕು ಮಿಲಿಮೀಟರ್ ಇದ್ದರೆ ಇಳಿಜಾರು ನಲವತ್ತೆಂಟು. ಹೊಸ ಬಟ್ಟೆ ಆ ಇಳಿಜಾರಿನ ಮೇಲೆ ಕೂತರೇನೇ ಬೆಸುಗೆಗೆ ಬಲ.

ಹೊಸ ಮರಕ್ಕೆ 18 ಮಿಲಿಮೀಟರಿನ ಎರಡು ಮರೀನ್ ಪ್ಲೈವುಡ್ ಅಂಟಿಸಿ. ಬಿಎಸ್ 1088 (ಮರೀನ್ ಪ್ಲೈವುಡ್‌ನ ಬ್ರಿಟಿಷ್ ಮಾನದಂಡ) ಮುದ್ರೆ ಇದ್ದರೆ ಒಳ್ಳೆಯದು. ಎಲ್ಲಾ ಮುಖಕ್ಕೂ ಎಪಾಕ್ಸಿ ಹಚ್ಚಿ, ಕೊಯ್ದ ಅಂಚಿಗೆ ಅದು ಕುಡಿಯುವಷ್ಟೂ ಕುಡಿಸಿ. ಸಿಲಿಕಾ ಪುಡಿ ಕಲಸಿ ಗ್ರೀಸಿನ ಹದಕ್ಕೆ ತಂದ ಎಪಾಕ್ಸಿ ಮೆತ್ತಿ ಹೊರಗಿನ ಪದರಕ್ಕೆ ಒತ್ತಿ. ಅಂಚಿನಲ್ಲೆಲ್ಲಾ ಅದು ಹೊರಗೆ ಉಕ್ಕಿದರೆ ಒಳಗೆ ಖಾಲಿ ಜಾಗ ಉಳಿದಿಲ್ಲ ಎಂದರ್ಥ. ಮೂಲೆಗಳನ್ನು ಅದರಲ್ಲೇ ದುಂಡಗೆ ತುಂಬಿ. ಗ್ಲಾಸ್ ಬಟ್ಟೆ ಚೂಪು ಮೂಲೆಗೆ ಬಗ್ಗುವುದಿಲ್ಲ.

ಬೋಲ್ಟ್ ತೂತು ಕೊರೆಯುವಾಗ ಮಾತ್ರ ಆತುರ ಬೇಡ. ಮೊದಲು ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ನಡುವೆ ಸರಿ ಅಳತೆಗೆ ಕೊರೆಯಿರಿ. ಆಗ ಬೋಲ್ಟು ಮರವನ್ನು ಮುಟ್ಟುವುದೇ ಇಲ್ಲ. ಮುಂದೆ ಸೀಲಂಟ್ ಹೋದರೂ ನೀರಿಗೆ ದಾರಿ ಇರುವುದಿಲ್ಲ. ಅರವತ್ತು ವರ್ಷದ ಹಿಂದೆ ಇಷ್ಟು ಮಾಡಿದ್ದರೆ ನಿಮಗೆ ಈ ಕೆಲಸ ಬರುತ್ತಿರಲಿಲ್ಲ ಅಲ್ವಾ?

ರೆಕ್ಕೆಯ ಬಿರುಕು ಬರೀ ಜೆಲ್‌ಕೋಟ್‌ದೋ (ಹೊರಮೈಯ ಬಣ್ಣದ ರೆಸಿನ್ ಪದರ), ಒಳಗಿನ ಗ್ಲಾಸಿಗೂ ಇಳಿದಿದೆಯೋ ಎಂದು ಉಜ್ಜಿ ನೋಡಿದರೇನೇ ಗೊತ್ತಾಗುವುದು. ಮೇಲೆ ಬಣ್ಣ ಬಳಿದರೆ ಬಿರುಕು ಮತ್ತೆ ಮೇಲಕ್ಕೆ ಬರುತ್ತದೆ. ಆದರೆ ಅದು ಕೊನೆಗೆ. ಟ್ರಾನ್ಸಂ ಗಟ್ಟಿಯಾಗುವವರೆಗೂ ಆ ಮೂಲೆ ಅಲುಗುತ್ತಲೇ ಇರುತ್ತದೆ.

ಇಂಪೆಲ್ಲರ್:

ಮೋಟಾರಿನ ಬಗ್ಗೆ ಎರಡೇ ಮಾತು. ಬಿಚ್ಚಿ ಸ್ಟ್ಯಾಂಡಿಗೆ ಹಾಕಿದಾಗ ಕೆಳಗಿನ ಗೇರ್ ಆಯಿಲ್ ಸ್ಕ್ರೂ ತೆಗೆದು ನೋಡಿ. ಆಯಿಲ್ ಹಾಲಿನ ಬಣ್ಣ ಇದ್ದರೆ ಸೀಲ್ ಹೋಗಿದೆ, ನೀರು ಸೇರಿದೆ. ಮೋಟಾರನ್ನು ತಂಪಾಗಿಡುವ ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ (ತಿರುಗುವ ರೆಕ್ಕೆಯ ಚಕ್ರ) ಅಂತೂ ಹನ್ನೆರಡು ವರ್ಷಕ್ಕೆ ಗಟ್ಟಿಯಾಗಿ ರೆಕ್ಕೆ ಮಡಚಿಕೊಂಡೇ ನಿಂತಿರುತ್ತದೆ. ಹೊಸದು ಹಾಕದೆ, ನೀರು ಕೊಡದೆ ಸ್ಟಾರ್ಟ್ ಮಾಡಬೇಡಿ.

ಹಳೇಚಿಪ್ಪು:

ಒಂದು ಬಿಟ್ಟುಹೋಯಿತು ನೀಲಿತೆರೆ. ಕಿತ್ತ ಟ್ರಾನ್ಸಂ ಮರ ಎಷ್ಟೇ ಲಡ್ಡಾಗಿರಲಿ, ತುಂಡಾಗಿ ಬಂದರೂ ಎಸೆಯಬೇಡಿ. ನೆಲದ ಮೇಲೆ ಜೋಡಿಸಿ, ಅದರ ಸುತ್ತ ಪೆನ್ಸಿಲ್ ಎಳೆದುಕೊಳ್ಳಿ. ಹೊಸ ಪ್ಲೈವುಡ್ ಕೊಯ್ಯಲು ನಿಮಗಿರುವ ಅಳತೆ ಅದೊಂದೇ.