ಟೆಕ್ಸ್‌ಟೈಲ್ ಓದಿದವರು ಯಾರಾದರೂ ಇದ್ದೀರಾ? ತಂಗಿಗೆ ಸಲಹೆ ಬೇಕು

ಕೇಳಿದವರು, ರಾಣೆಬೆನ್ನೂರು:
ತಂಗಿ ಸೈನ್ಸ್ ತಗೊಂಡು ಪಿಯುಸಿ ಮುಗಿಸಿದ್ದಾಳೆ. ಅಂಗಡಿಗೆ ಹೋದರೆ ಬಟ್ಟೆ ಮುಟ್ಟಿ ಮುಟ್ಟಿ ನೋಡುತ್ತಾ ನಿಲ್ಲೋ ಹುಡುಗಿ. ಟೆಕ್ಸ್‌ಟೈಲ್ ಬಿಇ ಮಾಡ್ತೀನಿ ಅಂತಾಳೆ, ಮರುದಿನ ಫ್ಯಾಷನ್ ಡಿಸೈನ್ ಅಂತಾಳೆ. ಅಪ್ಪಂದು ಒಂದೇ ಮಾತು: "ಟೇಲರ್ ಆಗೋಕೆ ನಾಲ್ಕು ವರ್ಷ ಕಾಲೇಜು ಯಾಕೆ?" ಒಳಗೆ ಏನು ಕಲಿಸ್ತಾರೆ, ಓದಿದವರು ಹೇಳಿ.

ದಾವಣಗೆರೆಯಲ್ಲಿ ಓದಿದವನು:
ಮೊದಲು ನಿಮ್ಮ ತಂದೆಯವರಿಗೆ ಒಂದು ವಿಷಯ ಹೇಳಿ. ಟೆಕ್ಸ್‌ಟೈಲ್ ಬಿಇಯಲ್ಲಿ ನಾನು ಒಂದು ಗುಂಡಿ ಕೂಡ ಹೊಲಿದಿಲ್ಲ. ಅಲ್ಲಿ ಇರೋದು ಹತ್ತಿ ಬೇಲ್ ಬಿಚ್ಚೋದರಿಂದ ಬಣ್ಣ ಹಾಕಿ ಫಿನಿಶ್ ಮಾಡೋ ತನಕದ ದಾರಿ. ಹತ್ತಿ ಬಿಡಿಸಿ ನೂಲು ತೆಗೆಯೋ ಹಂತಗಳು (ಬ್ಲೋರೂಮ್, ಕಾರ್ಡಿಂಗ್, ಡ್ರಾ ಫ್ರೇಮ್, ರಿಂಗ್ ಫ್ರೇಮ್), ಆಮೇಲೆ ಮಗ್ಗ, ಆಮೇಲೆ ಡೈಯಿಂಗ್. ಅರ್ಧ ಮೆಕ್ಯಾನಿಕಲ್, ಅರ್ಧ ಕೆಮಿಸ್ಟ್ರಿ. ಲೆಕ್ಕ ಬರಬೇಕು. ನೂಲಿನ ಕೌಂಟ್ ಅಂದರೆ ಒಂದು ಪೌಂಡ್ ತೂಕಕ್ಕೆ 840 ಗಜದ ಲಡಿ (ನೂಲಿನ ಸುರುಳಿ) ಎಷ್ಟು ಬರುತ್ತೆ ಅನ್ನೋದು, ಹಾಗಾಗಿ ಕೌಂಟ್ ಏರಿದಷ್ಟೂ ನೂಲು ಸಣ್ಣ. ರೇಷ್ಮೆ, ಪಾಲಿಯೆಸ್ಟರಿಗೆ ಡೆನಿಯರ್ ಅನ್ನೋ ಅಳತೆ, ಅಲ್ಲಿ ಪೂರ್ತಿ ಉಲ್ಟಾ, ಸಂಖ್ಯೆ ಏರಿದಷ್ಟೂ ನೂಲು ದಪ್ಪ. ಮೊದಲ ಇಂಟರ್ನಲ್ಸ್‌ನಲ್ಲಿ ಅರ್ಧ ಕ್ಲಾಸು ಇಲ್ಲೇ ಮಗುಚಿತ್ತು.

ನನಗೆ ಇಷ್ಟವಾಗಿದ್ದು ಫ್ಯಾಬ್ರಿಕ್ ಅನಾಲಿಸಿಸ್ ಲ್ಯಾಬ್. ಅಂಗೈಯಗಲದ ತುಂಡು, ಒಂದು ಪಿಕ್ ಗ್ಲಾಸ್ (ಎಳೆ ಎಣಿಸೋ ಭೂತಗನ್ನಡಿ), ಒಂದು ಸೂಜಿ, ಗ್ರಾಫ್ ಹಾಳೆ, ಅಷ್ಟೇ. ಒಂದಿಂಚಿಗೆ ಹಾಸು (ಉದ್ದದ ಎಳೆ) ಎಷ್ಟು, ಹೊಕ್ಕು (ಅಡ್ಡ ಎಳೆ) ಎಷ್ಟು ಅಂತ ಸೂಜಿಯಲ್ಲಿ ಒಂದೊಂದೇ ಎತ್ತಿ ಎಣಿಸಬೇಕು. ಅಂಚು ಇದ್ದರೆ ಹಾಸು ಯಾವುದು ಅಂತ ಕಣ್ಣಿಗೇ ಗೊತ್ತಾಗುತ್ತೆ. ಅಂಚಿಲ್ಲದ ತುಂಡು ಕೊಟ್ಟರೆ ಎರಡೂ ಕಡೆ ಎಳೆದು ನೋಡಿ, ಕಡಿಮೆ ಹಿಗ್ಗಿದ್ದು ಸಾಮಾನ್ಯವಾಗಿ ಹಾಸು. ವೈವಾದಲ್ಲಿ ನನಗೆ ಟ್ವಿಲ್ ಕೊಟ್ಟಿದ್ದರು, ಜೀನ್ಸ್ ಬಟ್ಟೆಯ ಹಾಗೆ ಓರೆ ಗೆರೆ ಇರೋ ನೇಯ್ಗೆ. ಗೆರೆ ಎಡಕ್ಕೆ ಏರುತ್ತೆ ಅಂತ ಧೈರ್ಯವಾಗಿ ಹೇಳಿದೆ. ಎಕ್ಸಾಮಿನರ್ ಮಾತಾಡದೆ ತುಂಡನ್ನ ಮಗುಚಿ ಇಟ್ಟರು. ಗೆರೆ ಬಲಕ್ಕೆ. ನಾನು ಅಷ್ಟೊತ್ತೂ ಬಟ್ಟೆಯ ಹಿಂಬದಿ ನೋಡ್ತಾ ಕೂತಿದ್ದೆ.

ತಂಗಿಗೆ ಈ ವಾರವೇ ಒಂದು ಕೆಲಸ ಕೊಡಿ. ಮನೆಯ ಹಳೇ ಬಟ್ಟೆಗಳಿಂದ ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ನೀರು ಪಕ್ಕದಲ್ಲಿಟ್ಟುಕೊಂಡು ಸುಟ್ಟು ನೋಡಲಿ. ಹತ್ತಿ ಕಾಗದ ಸುಟ್ಟ ವಾಸನೆ, ಮೆತ್ತನೆ ಬೂದಿ. ರೇಷ್ಮೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿ ಆಗುತ್ತೆ. ಇದರಲ್ಲಿ ಖುಷಿ ಸಿಕ್ಕರೆ ಬಿಇ ಯೋಚಿಸಿ. "ಇದೇನು ಬೋರು" ಅಂದರೆ ಡಿಸೈನ್ ಕಡೆ ನೋಡಿ.

ಗಾರ್ಮೆಂಟ್ಸ್‌ನಲ್ಲಿ ಇರುವವಳು, ಪೀಣ್ಯ:
ನಂದು ಅಪ್ಯಾರಲ್ ಡಿಪ್ಲೊಮಾ. ಮೂರನೇ ದಾರಿಯೂ ಇದೆ ಅಂತ ಹೇಳೋಕೆ ಬಂದೆ. ಫ್ಯಾಕ್ಟರಿ ಫ್ಲೋರ್. ಇಲ್ಲಿ ಎಲ್ಲಾ ನಿಮಿಷದ ಲೆಕ್ಕ. ಒಂದು ಶರ್ಟಿಗೆ 20 ನಿಮಿಷದ ಎಸ್‌ಎಎಂ (ಹೊಲಿಯೋಕೆ ಇಷ್ಟು ಅಂತ ನಿಗದಿ ಮಾಡಿದ ಸಮಯ), ಲೈನಿನಲ್ಲಿ 30 ಜನ, ದಿನಕ್ಕೆ 480 ನಿಮಿಷ ಅಂತಿಟ್ಟುಕೊಳ್ಳಿ. ಕಾಗದದ ಮೇಲೆ 720 ಶರ್ಟು. ಎಫಿಶಿಯನ್ಸಿ 50 ಪರ್ಸೆಂಟ್ ಬಂದರೆ 360. ಉಳಿದ 360 ಎಲ್ಲಿ ಹೋಯ್ತು ಅಂತ ಸಂಜೆ ನಮ್ಮನ್ನೇ ಕೇಳ್ತಾರೆ.

ಇಂಟರ್ನ್‌ಶಿಪ್‌ನಲ್ಲಿ ಸ್ಟಾಪ್‌ವಾಚ್ ಹಿಡಿದು ಕಾಲರ್ ಹೊಲಿಯೋ ಅಕ್ಕನ ಹಿಂದೆ ನಿಂತಿದ್ದೆ. "ನೀನು ಅದನ್ನ ಹಿಡ್ಕೊಂಡು ನಿಂತ್ರೆ ನಂಗೆ ಕೈ ಓಡಲ್ಲ ಕಣಮ್ಮ, ಬಾ ಕೂತು ನೀನೇ ಒಂದು ಹೊಲಿ" ಅಂದರು. ಕೂತೆ. ಅವರ ಮುಕ್ಕಾಲು ನಿಮಿಷದ ಕೆಲಸಕ್ಕೆ ನನಗೆ ಆರು ನಿಮಿಷ, ಅದೂ ಕಾಲರ್ ತುದಿ ಒಂದು ಚೂಪು, ಒಂದು ಮೊಂಡು. ಡಿಗ್ರಿ ಇಟ್ಟುಕೊಂಡು ಫ್ಲೋರಿಗೆ ಬರೋರಿಗೆ ಈ ಆರು ನಿಮಿಷ ಆಗಲೇಬೇಕು. ಶಿಪ್‌ಮೆಂಟ್ ಹತ್ತಿರ ಬಂದಾಗ ರಾತ್ರಿ ಮನೆ ಸೇರೋದು ಲೇಟು. ಅದನ್ನ ಮುಚ್ಚಿಡಲ್ಲ.

ಡಿಸೈನ್ ಓದ್ತಿರುವವಳು, ಬೆಂಗಳೂರು:
ನಿಫ್ಟ್ (ಕೇಂದ್ರ ಸರ್ಕಾರದ ಫ್ಯಾಷನ್ ಸಂಸ್ಥೆ) ಆಸೆ ಇದ್ದರೆ ಈಗಲೇ ತಿಳಿಯಲಿ: ಡಿಸೈನಿಗೆ ಕ್ರಿಯೇಟಿವ್ ಪರೀಕ್ಷೆ, ಜನರಲ್ ಎಬಿಲಿಟಿ ಪರೀಕ್ಷೆ, ದಾಟಿದರೆ ಸಿಚುಯೇಶನ್ ಟೆಸ್ಟ್. ಅಲ್ಲೇ ಸಾಮಾನು ಕೊಟ್ಟು, ಅಲ್ಲೇ ಮಾಡೆಲ್ ಮಾಡು ಅಂತಾರೆ. ಬರೀ ಚೆನ್ನಾಗಿ ಚಿತ್ರ ಬಿಡಿಸೋದು ಸಾಲಲ್ಲ. ಲೆಕ್ಕ ಚೆನ್ನಾಗಿದ್ದರೆ ಅಲ್ಲೇ ಬಿಎಫ್‌ಟೆಕ್ (ಫ್ಯಾಷನ್ ಟೆಕ್ನಾಲಜಿ ಡಿಗ್ರಿ) ಕೂಡ ಇದೆ.

ಫೀಸ್ ಮಾತ್ರ ಕೇಳಬೇಡಿ, ಮೆಟೀರಿಯಲ್ ಖರ್ಚು ಕೇಳಿ. ಒಂದು ಡ್ರೆಸ್ಸಿಗೆ ಮೊದಲು ಮಸ್ಲಿನ್ ಅನ್ನೋ ಸಾದಾ ಹತ್ತಿ ಬಟ್ಟೆಯಲ್ಲಿ ಎರಡು ಮೂರು ಸಲ ಮಾಡಿ ಕೆಡಿಸ್ತೀವಿ. ಬಟ್ಟೆ ಕತ್ತರಿ ಬೇರೆಯೇ ಇಡಬೇಕು. ಅಮ್ಮ ಅದರಲ್ಲಿ ಹಾಲಿನ ಪ್ಯಾಕೆಟ್ ಕತ್ತರಿಸಿದ ದಿನ ನಮ್ಮ ಮನೆಯಲ್ಲಿ ಆದ ಜಗಳ ಇನ್ನೂ ಮುಗಿದಿಲ್ಲ.

ಇಳಕಲ್‌ನಿಂದ:
ನಮ್ಮದು ಕುಣಿ ಮಗ್ಗ. ಮೈ ಹಾಸಿನ ಎಳಿಗೆ ಸೆರಗಿನ ಎಳಿ ಕೊಂಡಿ ಹಾಕಿ ಜೋಡಸ್ತೀವಿ, ಪ್ರತಿ ಸೀರಿಗೂ ಹೊಸದಾಗಿ. ಕಾಲೇಜ್ ಹುಡುಗ್ರು ಬರ್ತಾರ, ಫೋಟೊ ಹೊಡ್ಕೊಂಡ ಹೋಗ್ತಾರ. ಒಬ್ಬಾಕಿ ಮಾತ್ರ ನಾಕ ದಿನ ಇದ್ದು ಕೊಂಡಿ ಹಾಕೂದ ಕಲ್ತು ಹೋದ್ಳು. ಯಾ ಕಾಲೇಜ್ ಆದ್ರೂ ಆಗ್ಲಿ, ತಂಗಿ ಹಂಗ ಇರ್ಲಿ. ಬರೂದಿದ್ರ ಬರ್ರಿ, ಮನಿ ಐತಿ.

ದಾವಣಗೆರೆಯಲ್ಲಿ ಓದಿದವನು:
ಮರೆತಿದ್ದೆ. ಸಿಇಟಿ ಆಪ್ಷನ್ ಎಂಟ್ರಿಗೆ ಮುಂಚೆ ಈ ವರ್ಷದ ಸೀಟ್ ಮ್ಯಾಟ್ರಿಕ್ಸ್ (ಯಾವ ಕಾಲೇಜಿನಲ್ಲಿ ಯಾವ ಕೋರ್ಸಿಗೆ ಎಷ್ಟು ಸೀಟು ಅನ್ನೋ ಪಟ್ಟಿ) ನೋಡಿ, ಟೆಕ್ಸ್‌ಟೈಲ್ ಇರೋ ಕಾಲೇಜುಗಳು ಬೆರಳೆಣಿಕೆಯಷ್ಟು. ಬೆಂಗಳೂರಿನ ಕೆ.ಆರ್. ಸರ್ಕಲ್ ಬಳಿಯ ಸರ್ಕಾರಿ ಕಾಲೇಜಿನಲ್ಲಿ ರೇಷ್ಮೆಗೂ ಬೇರೆ ವಿಭಾಗವೇ ಇತ್ತು. ಲ್ಯಾಬಿನ ಯಂತ್ರ ಓಡುತ್ತಾ, ಬರೀ ಧೂಳು ಹೊದ್ದು ನಿಂತಿದೆಯಾ ಅಂತ ಹೋಗಿಯೇ ನೋಡಿ.

ಕೇಳಿದವರು, ರಾಣೆಬೆನ್ನೂರು:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಸಂಜೆ ಅಡುಗೆಮನೆ ಲ್ಯಾಬ್ ಆಗಿತ್ತು. ಅಮ್ಮನ ಹಳೇ ರೇಷ್ಮೆ ಸೀರೆಯ ಎಳೆಯಿಂದ ಕೂದಲು ಸುಟ್ಟ ವಾಸನೆ ಬಂತು, ಅಮ್ಮ ಸಮಾಧಾನದ ಉಸಿರು ಬಿಟ್ಟರು. ಅಪ್ಪ ಹತ್ತು ವರ್ಷದಿಂದ "ಪ್ಯೂರ್ ಕಾಟನ್" ಅಂತ ಜೋಪಾನ ಮಾಡಿದ ಬಿಳಿ ಶರ್ಟು ಬೂದಿಯನ್ನೂ ಕೊಟ್ಟಿತು, ಗಟ್ಟಿ ಮಣಿಯನ್ನೂ ಕೊಟ್ಟಿತು. ಅಪ್ಪ ಆ ಮಣಿಯನ್ನ ಉಗುರಲ್ಲಿ ಒತ್ತಿ ನೋಡಿದರು, ಒಡೀಲಿಲ್ಲ. ಇವತ್ತು ಬೆಳಿಗ್ಗೆ ಕೇಳ್ತಿದ್ದರು, ದಾವಣಗೆರೆಗೆ ದಿನಾ ಓಡಾಡಬಹುದಾ, ಹಾಸ್ಟೆಲ್ಲೇ ಬೇಕಾ ಅಂತ. ಯಾರಿಗಾದರೂ ಗೊತ್ತಿದ್ದರೆ ಹೇಳಿ.