ಅಪ್‌ಡೇಟ್: ಮಗನ ಸಂಜೆಯ ಸಿಟ್ಟು ಈಗ ಎಷ್ಟೋ ಕಡಿಮೆ

ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾದ ಮಗ ಸಂಜೆಯಾದರೆ ಮನೆಮಂದಿ ಮೇಲೆಲ್ಲ ಕೂಗಾಡುತ್ತಾನೆ, ಏನು ಮಾಡೋದು ಅಂತ ಕೇಳಿದ್ದೆ ಅಲ್ವಾ? ಮಧ್ಯಾಹ್ನ ಊಟ ಆದಮೇಲೆ ಮಲಗಿಸಿ, ಸಂಜೆ ಟಿವಿ ಬಂದ್ ಮಾಡಿ ಅಂತ ಗದಗಿನ ಅಕ್ಕ ಒಬ್ಬರು ಬರೆದಿದ್ದರು. ಕೈ ಹಿಡಿದಿದ್ದು ಅದೇ. ಟಿವಿ, ಮಿಕ್ಸಿ, ಮಾತು ಎಲ್ಲ ಒಟ್ಟಿಗೆ ಕಿವಿಗೆ ಬಿದ್ದರೆ ಅವನಿಗೆ ತಡೆಯೋಕಾಗಲ್ಲ, ಅದಕ್ಕೆ ಈಗ ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ನೆ ಇರುತ್ತೇವೆ, ರೊಟ್ಟಿ ಬಡಿಯೋದೂ ಅವನು ಮಲಗೋ ಮುಂಚೆಯೇ ಮುಗಿಯುತ್ತೆ. ಗೋಡೆಗೆ ಟೈಮ್‌ಟೇಬಲ್ ಅಂಟಿಸಿದ್ದು ಮಾತ್ರ ದಂಡ, ಅವನು ಆ ಕಡೆ ನೋಡಲೇ ಇಲ್ಲ. ಮೊಬೈಲ್ ಅಲಾರಂ ಹೊಡೆದರೆ ಮಾತ್ರೆ ತಗೋತಾನೆ.

ಧಾರವಾಡದ ಡಿಮ್ಹಾನ್ಸ್‌ನಲ್ಲೂ (ಮಾನಸಿಕ ಆರೋಗ್ಯ, ನರರೋಗಗಳ ಸರ್ಕಾರಿ ಆಸ್ಪತ್ರೆ) ತೋರಿಸಿದೆವು. ಮಿದುಳಿನ ಮುಂಭಾಗಕ್ಕೆ ಪೆಟ್ಟಾದರೆ ಸಿಟ್ಟು ಹಿಡಿತಕ್ಕೆ ಸಿಗಲ್ಲ, ದಣಿದಷ್ಟೂ ಜಾಸ್ತಿ, ಇದು ಹಠ ಅಲ್ಲ ಅಂದರು.

ನನಗೆ ಆಶ್ಚರ್ಯ ಆಗಿದ್ದು ಬೇರೆ ವಿಷಯಕ್ಕೆ. ಇವನ ಕೂಗಾಟದಿಂದಾಗಿ ಕಿರಿ ಮಗಳು ಇಷ್ಟು ದಿನ ಗೆಳತಿಯರನ್ನು ಮನೆಗೆ ಕರೆದೇ ಇರಲಿಲ್ಲವಂತೆ! ಈಗ ಭಾನುವಾರ ಅವಳನ್ನು ಉಣಕಲ್ ಕೆರೆ ಕಡೆ ಕರೆದುಕೊಂಡು ಹೋಗುತ್ತೇನೆ, ಮಗನ ಜೊತೆ ಅವರಪ್ಪ ಇರುತ್ತಾರೆ.

ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡೋ ಗುರುತಿನ ಚೀಟಿ) ಮಾಡಿಸಿ ಅಂತ ನೀವು ಅಂದಿದ್ರಲ್ಲ, ಅರ್ಜಿ ಹಾಕಿದ್ದೇವೆ. ಹೆಚ್ಚಿನ ಸೌಲಭ್ಯಗಳಿಗೆ ಕನಿಷ್ಠ ಶೇ 40 ಅಂಗವೈಕಲ್ಯ ಅಂತ ಸರ್ಟಿಫಿಕೇಟ್ ಬೇಕು, ತಪಾಸಣೆ ಇನ್ನೂ ಆಗಬೇಕಿದೆ.