'ಸ್ಟೇರ್‌ವೇ ಟು ಹೆವನ್' ನುಡಿಸಿ ನುಡಿಸಿ ಸಾಕಾಗಿದೆ, ನಿಮಗೂ ಹೀಗಾಗುತ್ತಾ?

ಪ್ರಶ್ನೆ:

ನಾನು ಒಂದು ಕವರ್ ಬ್ಯಾಂಡ್‌ನಲ್ಲಿ, ಅಂದರೆ ಬೇರೆಯವರ ಹಾಡುಗಳನ್ನು ನುಡಿಸುವ ತಂಡದಲ್ಲಿ, ಲೀಡ್ ಗಿಟಾರ್ ನುಡಿಸುತ್ತೇನೆ. ಎಲ್ಲಿ ಹೋದರೂ ಜನರ ಮಧ್ಯದಿಂದ ಯಾರಾದರೂ ಕೂಗಿ ಕೇಳುವುದು ಲೆಡ್ ಜೆಪ್ಲಿನ್ ಬ್ಯಾಂಡ್‌ನ ಇದೇ ಹಾಡನ್ನು. ಗಿಟಾರ್ ಕಲಿಯೋಕೆ ಶುರು ಮಾಡಿದಾಗ ಇದನ್ನು ಪೂರ್ತಿ ನುಡಿಸಬೇಕು ಅನ್ನುವುದೇ ನನಗೆ ದೊಡ್ಡ ಆಸೆಯಾಗಿತ್ತು. ಈಗ ಮೊದಲ ಎ ಮೈನರ್ ಕಾರ್ಡ್ ಹಿಡಿದ ಕೂಡಲೇ ಬೆರಳುಗಳು ತಾವಾಗಿಯೇ ಓಡುತ್ತವೆ, ಮನಸ್ಸು ಮಾತ್ರ ಇನ್ನೆಲ್ಲೋ ಇರುತ್ತದೆ. ಹಾಡು ಕೆಟ್ಟದ್ದು ಅಂತ ಖಂಡಿತ ಹೇಳುತ್ತಿಲ್ಲ. 1971ರಲ್ಲಿ ಬಂದದ್ದು, ಅಲ್ಲಿಂದ ಇಲ್ಲಿಯವರೆಗೆ ರೇಡಿಯೋದಲ್ಲಿ, ಪಾರ್ಟಿಗಳಲ್ಲಿ, ಅಂಗಡಿಗೆ ಹೋಗಿ ಗಿಟಾರ್ ಕೈಗೆತ್ತಿಕೊಂಡ ಪ್ರತಿಯೊಬ್ಬರ ಹತ್ತಿರ ಅದನ್ನೇ ಕೇಳಿ ಕೇಳಿ ಕಿವಿ ಸೋತುಹೋಗಿದೆ. ಬ್ಯಾಂಡ್‌ನ ಉಳಿದವರು ಅದು ಸೆಟ್‌ನಲ್ಲಿ (ಕಾರ್ಯಕ್ರಮದ ಹಾಡುಗಳ ಪಟ್ಟಿಯಲ್ಲಿ) ಇರಲೇಬೇಕು ಅನ್ನುತ್ತಾರೆ. ಮನಸ್ಸಿಲ್ಲದೆ ನುಡಿಸಿದರೆ ಕೇಳುವವರಿಗೆ ಮೋಸ ಮಾಡಿದ ಹಾಗೆ ಅಲ್ವಾ? ನೀವೆಲ್ಲ ಇದನ್ನು ಹೇಗೆ ನಿಭಾಯಿಸುತ್ತೀರಿ?

ಉತ್ತರ 1:

ಬಿಟ್ಟುಬಿಡಿ. ಆ ಹಾಡಿನ ಸಾಲುಗಳನ್ನು ಬರೆದು ಹಾಡಿದ ರಾಬರ್ಟ್ ಪ್ಲಾಂಟ್‌ಗೇ ಅದು ಸಾಕಾಗಿತ್ತು, ಅದನ್ನು ಅವರು ಮುಚ್ಚಿಟ್ಟವರೂ ಅಲ್ಲ. 2007ರ ಡಿಸೆಂಬರ್‌ನಲ್ಲಿ ಲಂಡನ್‌ನಲ್ಲಿ ಲೆಡ್ ಜೆಪ್ಲಿನ್ ಮತ್ತೆ ಒಂದಾದಾಗ ಹಾಡಿದರು, ಆಮೇಲೆ ವೇದಿಕೆ ಮೇಲೆ ಪೂರ್ತಿ ಹಾಡಿದ್ದು 2023ರ ಅಕ್ಟೋಬರ್‌ನಲ್ಲಿ, ಅದೂ ಕ್ಯಾನ್ಸರ್ ನೆರವಿನ ಒಂದು ಕಾರ್ಯಕ್ರಮಕ್ಕೆ. ಅವರಿಗೆ ಅಷ್ಟು ವರ್ಷ ಬೇಡ ಅನ್ನೋ ಹಕ್ಕು ಇದ್ದರೆ ನಿಮಗೂ ಇದೆ. ಕೇಳೋಕೆ ಬಂದವರು ಒಂದು ಹಾಡು ಇಲ್ಲ ಅಂತ ಎದ್ದು ಹೋಗುವುದಿಲ್ಲ.

ಉತ್ತರ 2:

ನನ್ನ ಅಭಿಪ್ರಾಯ ಬೇರೆ. ನಾನು ಗಿಟಾರ್ ಹೇಳಿಕೊಡುತ್ತೇನೆ, ಹಾಗಾಗಿ ಈ ಹಾಡಿನ ಶುರುವನ್ನು ನಿಮಗಿಂತ ಜಾಸ್ತಿ ಸಲ ಕೇಳಿರುತ್ತೇನೆ. ಆದರೆ ಕೇಳಿದ್ದರಲ್ಲಿ ಮುಕ್ಕಾಲು ಪಾಲು ಅರೆಬರೆ ನುಡಿಸಿದ್ದು. ನಮಗೆ ಬೇಜಾರು ಬಂದಿರುವುದು ಆ ಅರೆಬರೆಯ ಮೇಲೆ, ಹಾಡಿನ ಮೇಲೆ ಅಲ್ಲ.

ಶುರುವನ್ನೇ ನೋಡಿ. ನಾಲ್ಕನೇ ತಂತಿಯಲ್ಲಿ ಏಳನೇ ಫ್ರೆಟ್‌ನಿಂದ 7, 6, 5, 4, 3 ಅಂತ ಬೇಸ್, ಅಂದರೆ ಕೆಳಗಿನ ಸ್ವರ, ಒಂದೊಂದೇ ಮನೆ ಇಳಿಯುತ್ತದೆ. ಅದೇ ಹೊತ್ತಿಗೆ ಮೊದಲನೇ ತಂತಿಯಲ್ಲಿ 5, 7, 8 ಅಂತ ಸ್ವರ ಮೇಲೆ ಹತ್ತುತ್ತದೆ. ಒಂದು ಇಳಿಯುತ್ತಿರುವಾಗ ಇನ್ನೊಂದು ಏರುತ್ತದೆ, ಆ ಹಾಡಿನ ಶುರುವಿನ ಚೆಂದ ಇರುವುದೇ ಅಲ್ಲಿ. ಎರಡನೇ ಹೆಜ್ಜೆಯಿಂದ ಬೇಸ್ ಮತ್ತು ಮೇಲಿನ ಸ್ವರ ಎರಡನ್ನೂ ಒಟ್ಟಿಗೆ ಮೀಟಬೇಕು, ಮೀಟಿದ ಬೇಸ್ ಸ್ವರವನ್ನು ಮುಂದಿನ ಬೇಸ್ ಬರುವವರೆಗೂ ಬಿಡಬಾರದು. ಹೆಚ್ಚಿನವರು ಮೇಲಿನ ತಂತಿ ಜೋರಾಗಿ ಮೊಳಗಿದರೆ ಸಾಕು ಅಂದುಕೊಳ್ಳುತ್ತಾರೆ, ಬೆರಳು ಎತ್ತಿಬಿಡುತ್ತಾರೆ, ಬೇಸ್ ಅಲ್ಲೇ ಸತ್ತುಹೋಗುತ್ತದೆ. ಇವತ್ತು ರಾತ್ರಿ ನಿಧಾನವಾಗಿ, ಬೇಸ್ ಒಂದನ್ನೇ ಕಿವಿಯಲ್ಲಿಟ್ಟುಕೊಂಡು ನುಡಿಸಿ ನೋಡಿ. ಗೊತ್ತಿದೆ ಅಂದುಕೊಂಡ ಹಾಡಿನಲ್ಲಿ ಬೇರೆ ಏನೋ ಕೇಳುತ್ತದೆ.

ಇನ್ನು ಸೋಲೋ, ಅಂದರೆ ಗಿಟಾರ್ ಒಂದೇ ಮುಂದೆ ಬಂದು ನುಡಿಯುವ ಭಾಗ. ಎ ಮೈನರ್, ಜಿ, ಎಫ್ ಕಾರ್ಡ್‌ಗಳ ಮೇಲೆ ಹೋಗುತ್ತದೆ, ಬಹುಪಾಲು ಎ ಮೈನರ್ ಪೆಂಟಟಾನಿಕ್, ಅಂದರೆ ಐದು ಸ್ವರಗಳ ಸ್ಕೇಲ್. ಆದರೆ ಎಫ್ ಕಾರ್ಡ್ ಬಂದಾಗ ಲೆಡ್ ಜೆಪ್ಲಿನ್‌ನ ಗಿಟಾರ್ ವಾದಕ ಜಿಮ್ಮಿ ಪೇಜ್ ಎಫ್ ಸ್ವರವನ್ನು ಮುಟ್ಟುತ್ತಾರೆ, ಅದು ಆ ಪೆಂಟಟಾನಿಕ್‌ನಲ್ಲಿ ಇಲ್ಲದ ಸ್ವರ. ಆ ಒಂದು ಸ್ವರದಿಂದ ಇಡೀ ಸೋಲೋಗೆ ಒಂದು ನೋವು ಬರುತ್ತದೆ. ಬರೀ ಆ ಸ್ಕೇಲ್‌ನ ಬಾಕ್ಸ್ ಒಳಗೇ ಓಡಾಡುವವರ ಕೈಯಲ್ಲಿ ಅದು ಬರೀ ಸ್ಕೇಲ್ ಅಭ್ಯಾಸದ ಹಾಗೆ ಕೇಳುತ್ತದೆ. ಮತ್ತೆ ಇನ್ನೊಂದು ವಿಷಯ, ಗಿಬ್ಸನ್ ಲೆಸ್ ಪಾಲ್ ಗಿಟಾರ್‌ನದ್ದು ಅಂತ ಎಲ್ಲರೂ ನಂಬಿರುವ ಆ ಸೋಲೋ ರೆಕಾರ್ಡ್ ಆಗಿದ್ದು ಫೆಂಡರ್ ಟೆಲಿಕ್ಯಾಸ್ಟರ್‌ನಲ್ಲಿ, ಗಿಟಾರ್ ವಾದಕ ಜೆಫ್ ಬೆಕ್ ಕೊಟ್ಟಿದ್ದ ಗಿಟಾರ್ ಅದು. ಲೈವ್‌ನಲ್ಲಂತೂ ಪೇಜ್ ಆ ಸೋಲೋವನ್ನು ಒಂದು ರಾತ್ರಿ ಇದ್ದಂತೆ ಇನ್ನೊಂದು ರಾತ್ರಿ ನುಡಿಸುತ್ತಿರಲಿಲ್ಲ. ರೆಕಾರ್ಡ್‌ನಲ್ಲಿರುವುದನ್ನೇ ಅಚ್ಚುಕಟ್ಟಾಗಿ ಒಪ್ಪಿಸಬೇಕು ಅಂತ ನಿಮಗೆ ಯಾರು ಹೇಳಿದರು?

ಉತ್ತರ 3:

ಮೇಲಿನವರು ಅರೆಬರೆ ಅಂದಿದ್ದು ನೂರಕ್ಕೆ ನೂರು ಸರಿ. ಡೀಪ್ ಪರ್ಪಲ್ ಬ್ಯಾಂಡ್‌ನ 'ಸ್ಮೋಕ್ ಆನ್ ದ ವಾಟರ್' ಪಾಡೂ ಅದೇ. ಡಿ ಮತ್ತು ಜಿ ತಂತಿ ಎರಡನ್ನೂ ಬೆರಳಿನಿಂದ ಒಟ್ಟಿಗೆ ಎಳೆದು ಅವರ ಗಿಟಾರ್ ವಾದಕ ರಿಚಿ ಬ್ಲ್ಯಾಕ್‌ಮೋರ್ ನುಡಿಸಿದ ರಿಫ್ (ಮತ್ತೆ ಮತ್ತೆ ಬರುವ ಪುಟ್ಟ ತುಣುಕು) ಅದು, ಜನ ದಪ್ಪ ತಂತಿಗಳಲ್ಲಿ ಪವರ್ ಕಾರ್ಡ್ ಹಿಡಿದು ಪಿಕ್‌ನಲ್ಲಿ (ತಂತಿ ಮೀಟುವ ಪುಟ್ಟ ಬಿಲ್ಲೆಯಲ್ಲಿ) ಬಡಿಯುತ್ತಾರೆ. ಆಮೇಲೆ ಆ ಹಾಡು ಬೋರು ಅನ್ನುತ್ತಾರೆ. ನನಗೆ ಅದನ್ನು ಕೇಳಿದರೆ ನಿಜಕ್ಕೂ ಸಿಟ್ಟು ಬರುತ್ತದೆ.

ಉತ್ತರ 4:

ನಾನು ಡ್ರಮ್ಮರ್, ಗಿಟಾರ್‌ನವರ ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಹಾಡು ಎಂಟು ನಿಮಿಷ, ಡ್ರಮ್ಸ್ ಬರುವುದೇ ನಾಲ್ಕು ನಿಮಿಷ ದಾಟಿದ ಮೇಲೆ. ಅಲ್ಲಿಯವರೆಗೆ ಸುಮ್ನೆ ಕೂತಿರುವ ನನಗೆ ಜನರ ಮುಖ ಚೆನ್ನಾಗಿ ಕಾಣುತ್ತದೆ. ಮೊದಲ ಸ್ವರಕ್ಕೇ ಕೆಲವರು ನಗುತ್ತಾರೆ, ಮತ್ತದೇ ಹಾಡಾ ಅನ್ನುವ ನಗು. ಎರಡನೇ ನಿಮಿಷಕ್ಕೆ ಆ ನಗು ಹೋಗಿರುತ್ತದೆ, ಅವರೇ ಬಾಯಲ್ಲಿ ಸಾಲು ಗುನುಗುತ್ತಿರುತ್ತಾರೆ. ತಲೆ ಬಗ್ಗಿಸಿ ಫ್ರೆಟ್ ನೋಡುತ್ತಾ ನುಡಿಸುವ ನಿಮಗೆ ಇದು ಕಾಣುವುದಿಲ್ಲ.

ಆದರೆ ಸೆಟ್‌ನಲ್ಲಿ ಎಲ್ಲಿ ಇಡುತ್ತೀರಿ ಅನ್ನುವುದು ಮುಖ್ಯ. ಕೊನೆಯಲ್ಲಿ, ಎಲ್ಲರೂ ದಣಿದಾಗ ಇಡಬೇಡಿ. ಹಾಡುವವರಿಗೆ ಕೊನೆಯ ಭಾಗ ಸಿಕ್ಕಾಪಟ್ಟೆ ಎತ್ತರ, ಗಂಟಲು ಹೋಗಿರುತ್ತದೆ. ಮಧ್ಯದಲ್ಲಿಡಿ, ಅದರ ಬೆನ್ನಲ್ಲೇ ಒಂದು ಜೋರಾದ ಹಾಡು ಇರಲಿ. ಪ್ರತಿ ಸಲವೂ ನುಡಿಸಬೇಕಾಗಿಲ್ಲ, ಇನ್ನೊಬ್ಬ ಗಿಟಾರ್‌ನವರು ಜೊತೆಗಿರುವ ದಿನ ಮಾತ್ರ ಇಟ್ಟುಕೊಳ್ಳಿ. ಮಧ್ಯದ ಹನ್ನೆರಡು ತಂತಿಯ ಭಾಗವನ್ನು ಅವರು ನೋಡಿಕೊಂಡರೆ ನಿಮಗೆ ಸೋಲೋಗೆ ಉಸಿರಾಡೋಕೆ ಸಮಯ ಸಿಗುತ್ತದೆ. ಪೇಜ್ ಒಬ್ಬರೇ ಅದನ್ನೆಲ್ಲ ಮಾಡೋಕೆ ಎರಡು ಕತ್ತಿನ ಗಿಬ್ಸನ್ ಹಾಕಿಕೊಳ್ಳುತ್ತಿದ್ದರು, ನಿಮ್ಮ ಹತ್ತಿರ ಅದು ಇಲ್ಲ ಅಂದುಕೊಳ್ಳುತ್ತೇನೆ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ಬಿಟ್ಟುಬಿಡಿ ಅಂದವರ ಮಾತು ಓದಿದಾಗ ಮೊದಲು ಖುಷಿಯಾಯಿತು, ಆದರೆ ಬೇಸ್ ವಿಷಯ ಓದಿದ ಮೇಲೆ ಗಿಟಾರ್ ತೆಗೆದು ನಿಧಾನವಾಗಿ ನುಡಿಸಿದೆ, ಹೇಳಿದ್ದು ನಿಜ. ಸೋಲೋವನ್ನೂ ಇನ್ಮೇಲೆ ನನ್ನದೇ ರೀತಿಯಲ್ಲಿ ನುಡಿಸುತ್ತೇನೆ, ಮೊದಲ ಸಾಲು ಮಾತ್ರ ರೆಕಾರ್ಡ್‌ನದ್ದು ಇರಲಿ ಅಂತ ಬ್ಯಾಂಡ್‌ನವರ ಹತ್ತಿರ ಮಾತಾಡಿದ್ದೇನೆ. ಒಂದೇ ಒಂದು ತೊಂದರೆ. ಎರಡು ಸ್ವರ ಒಟ್ಟಿಗೆ ಬರಬೇಕು ಅಂದರೆ ಬೆರಳಲ್ಲಿ ಮೀಟಬೇಕು, ಆಮೇಲೆ ಬರುವ ಸ್ಟ್ರಮ್ಮಿಂಗ್‌ಗೆ ಪಿಕ್ ಬೇಕು. ಮಧ್ಯೆ ಪಿಕ್ ಹುಡುಕುತ್ತಾ ಕೂರೋಕೆ ಆಗಲ್ಲ.

ಉತ್ತರ 2:

ಪಿಕ್ ಕೈಯಲ್ಲೇ ಇರಲಿ. ಬೇಸ್ ಸ್ವರಕ್ಕೆ ಪಿಕ್, ಮೇಲಿನ ತಂತಿಗೆ ಉಂಗುರದ ಬೆರಳು, ನಡುವಿನ ತಂತಿಗಳಿಗೆ ಮಧ್ಯದ ಬೆರಳು. ಮೊದಲು ಎರಡು ಸದ್ದಿನ ಜೋರು ಒಂದೇ ಸಮ ಬರುವುದಿಲ್ಲ, ಪಿಕ್ ಸದ್ದು ಮೇಲಾಗುತ್ತದೆ. ಪಿಕ್‌ನ ತುದಿ ಸ್ವಲ್ಪ ಮಾತ್ರ ಹೊರಗಿರುವ ಹಾಗೆ ಹಿಡಿದು, ಅರ್ಧ ವೇಗದಲ್ಲಿ ಶುರು ಮಾಡಿ.